ಕಾಪರ್ ಟಿ ಹಾಕಿಸುವಾಗ ನೋವಿಗೆ ಏನಾದರೂ ಕೊಡಿ ಅಂತ ಕೇಳಬಹುದಾ? (ಉಡುಪಿ)

ಕಾಪು ಕಡೆಯವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗುವಿಗೆ ಈಗ ಎಂಟು ತಿಂಗಳು. ಸಿಸೇರಿಯನ್ ಆಗಿತ್ತು, ಇನ್ನೂ ಹಾಲು ಕುಡಿಸುತ್ತಿದ್ದೇನೆ. ನಾಲ್ಕೈದು ವರ್ಷ ಇನ್ನೊಂದು ಮಗು ಬೇಡ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ದಿನಾ ಮಾತ್ರೆ ತಗೊಳ್ಳುವುದು ನನಗೆ ಇಷ್ಟ ಇಲ್ಲ, ಹಾಗಾಗಿ ಗರ್ಭ ಆಗದ ಹಾಗೆ ಗರ್ಭಕೋಶದೊಳಗೆ ಇಡುವ ಕಾಪರ್ ಟಿ ಅಂತ ತೀರ್ಮಾನ ಮಾಡಿ ಆಗಿದೆ. ಅದು ಒಳ್ಳೇದಾ ಕೆಟ್ಟದ್ದಾ ಅಂತ ನಾನು ಕೇಳುತ್ತಿಲ್ಲ. ಹೆದರಿಕೆ ಇರುವುದು ಹಾಕುವಾಗಿನ ನೋವಿಗೆ.

ನನ್ನ ಅಕ್ಕನಿಗೆ ಹಾಕುವಾಗ ತುಂಬಾ ನೋವಾಗಿ, ಬೆವರಿ, ಟೇಬಲ್ ಮೇಲೆಯೇ ಕಣ್ಣು ಕತ್ತಲೆ ಬಂದಿತ್ತು. ಹೀಗೆ ಆಗಬಹುದು ಅಂತ ಮೊದಲು ಯಾರೂ ಅವಳಿಗೆ ಒಂದು ಮಾತು ಹೇಳಿರಲಿಲ್ಲ. ಅದೇ ಅತ್ತಿಗೆಯನ್ನು ಕೇಳಿದರೆ "ಎಂತ ನೋವು ಮಾರಾಯ್ತಿ, ಮುಗಿದದ್ದೇ ಗೊತ್ತಾಗಲಿಲ್ಲ" ಅನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳುವವರಲ್ಲ. ನಾನು ಯಾರದ್ದನ್ನು ನಂಬಬೇಕು?

ಹೋದ ವಾರ ಡಾಕ್ಟರ ಹತ್ತಿರ ಕೇಳಿದೆ. "ಸ್ವಲ್ಪ ಹಿಡಿದ ಹಾಗೆ ಆಗುತ್ತದೆ, ಎರಡು ನಿಮಿಷ ಅಷ್ಟೇ" ಅಂದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಮತ್ತೆ ಕೇಳಲು ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೆ ಅದೇ ಯೋಚನೆ. ಹಲ್ಲು ಕೀಳುವಾಗ ಮರಗಟ್ಟಿಸುವ ಇಂಜೆಕ್ಷನ್ ಕೊಡದೆ ಯಾರೂ ಕೈ ಹಾಕುವುದಿಲ್ಲ ಅಲ್ವಾ, ಹಾಗಿದ್ದ ಮೇಲೆ ಇದಕ್ಕೆ ಯಾಕೆ ಏನೂ ಇಲ್ಲ? ಇದ್ದರೆ ಎಂತ ಉಂಟು? ಹಾಲು ಕುಡಿಸುವವರು ತಗೊಳ್ಳಬಹುದಾ? ಕೇಳಿದರೆ "ಹೆರಿಗೆ ಆದವಳಿಗೆ ಇದೊಂದು ನೋವಾ" ಅಂದುಬಿಡುತ್ತಾರೋ ಅಂತ ಅಳುಕು. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಸುರತ್ಕಲ್ ಅಮ್ಮ:

ಅಕ್ಕನದ್ದೂ ನಿಜ, ಅತ್ತಿಗೆಯದ್ದೂ ನಿಜ. ನನಗೆ ಎರಡೂ ನಾರ್ಮಲ್ ಹೆರಿಗೆ, ಎರಡನೆಯದ್ದಾಗಿ ಆರೇಳು ತಿಂಗಳಿಗೆ ಹಾಕಿಸಿಕೊಂಡೆ. ಮುಟ್ಟಿನ ಮೊದಲ ದಿನ ಹೊಟ್ಟೆ ಹಿಡಿಯುತ್ತದಲ್ವಾ, ಅದಕ್ಕಿಂತ ಸ್ವಲ್ಪ ಜಾಸ್ತಿ, ಅರ್ಧ ನಿಮಿಷ. ಮತ್ತೆ ರಾತ್ರಿವರೆಗೆ ಸಣ್ಣಗೆ ನೋವಿತ್ತು. ಬಸ್ಸಲ್ಲೇ ಮನೆಗೆ ಬಂದೆ.

ಆದರೆ ನನಗೆ ಹಾಗಾಯಿತು ಅಂತ ನಿಮಗೂ ಹಾಗೇ ಅಂತ ಹೇಳುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಸಿಸೇರಿಯನ್ ಆಗಿತ್ತು, ಅವಳಿಗೆ ನನಗಿಂತ ಎಷ್ಟೋ ಜಾಸ್ತಿ ನೋವಾಗಿತ್ತು. ನೋವಿಗೆ ಹೆದರಿ ಬಿಡಬೇಡಿ. ಆದರೆ ಕೇಳದೆ ಸುಮ್ನೆ ಹೋಗಿ ಮಲಗಬೇಡಿ.

ಸಿಸ್ಟರ್ ಅಕ್ಕ:

ಹೆರಿಗೆ ವಾರ್ಡಲ್ಲೂ ಓಪಿಡಿಯಲ್ಲೂ ತುಂಬಾ ವರ್ಷ ಕೆಲಸ ಮಾಡಿದವಳು ನಾನು. ಮೊದಲು ಅಲ್ಲಿ ಎಂತ ಮಾಡುತ್ತಾರೆ ಅಂತ ಹೇಳುತ್ತೇನೆ. ಮುಂದೆ ಏನು ಬರುತ್ತದೆ ಅಂತ ಗೊತ್ತಿಲ್ಲದೆ ಮಲಗಿದವರಿಗೆ ಮೈಯೆಲ್ಲ ಬಿಗಿಯಾಗಿ ನೋವು ಇನ್ನೂ ಜಾಸ್ತಿ ಆಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲು ಕೈಯಿಂದ ಪರೀಕ್ಷೆ ಮಾಡಿ ಗರ್ಭಕೋಶ ಯಾವ ಕಡೆ ಬಾಗಿದೆ ಅಂತ ನೋಡುತ್ತಾರೆ. ಆಮೇಲೆ ಒಳಗೆ ಕಾಣುವ ಹಾಗೆ ದಾರಿ ಅಗಲಿಸುವ ಸ್ಪೆಕ್ಯುಲಮ್ ಅನ್ನುವ ಸಾಧನ ಹಾಕಿ ಔಷಧಿಯಲ್ಲಿ ಒರೆಸುತ್ತಾರೆ. ಇಲ್ಲಿವರೆಗೆ ಮುಜುಗರ, ತಣ್ಣಗೆ, ಒತ್ತಿದ ಹಾಗೆ, ಅಷ್ಟೇ. ನೋವು ಶುರುವಾಗುವುದು ಇದರ ನಂತರ. ಗರ್ಭಕೋಶದ ಬಾಯಿ ಅಲುಗಾಡಬಾರದು ಅಂತ ಒಂದು ಇಕ್ಕಳದಂಥ ಸಾಧನದಲ್ಲಿ ಅದನ್ನು ಹಿಡಿಯುತ್ತಾರೆ, ಆಗ ಚುಚ್ಚಿದ ಹಾಗೆ ಆಗುತ್ತದೆ. ಮತ್ತೆ ಒಳಗಿನ ಉದ್ದ ಅಳೆಯಲು ತೆಳ್ಳಗಿನ ಕಡ್ಡಿ ಹಾಕುತ್ತಾರೆ, ಅದನ್ನು ಸೌಂಡ್ ಅನ್ನುತ್ತೇವೆ. ಸುಮಾರು ಜನರಿಗೆ ಜೀವ ಹಿಂಡಿದ ಹಾಗೆ ಆಗುವುದು ಈ ಅಳತೆಯಲ್ಲಿ ಮತ್ತು ಅದರ ನಂತರ ಟಿ ಒಳಗೆ ಹೋಗುವಾಗ. ಕೊನೆಗೆ ಟಿ ಒಳಗೆ ಹಾಕಿದ ನಳಿಕೆ ತೆಗೆದು ಟಿಯ ತುದಿಯ ದಾರ ಕತ್ತರಿಸುತ್ತಾರೆ, ಅದು ಗೊತ್ತಾಗುವುದಿಲ್ಲ. ಒಟ್ಟು ಐದರಿಂದ ಹತ್ತು ನಿಮಿಷ. ಗಟ್ಟಿ ನೋವು ಇರುವುದು ಅದರಲ್ಲಿ ಒಂದೆರಡು ನಿಮಿಷ ಮಾತ್ರ, ಡಾಕ್ಟ್ರು ಎರಡು ನಿಮಿಷ ಅಂದದ್ದು ಆ ಲೆಕ್ಕದಲ್ಲಿ ಇರಬಹುದು. ಆದರೆ "ಸ್ವಲ್ಪ" ಅಂತ ಎಲ್ಲರಿಗೂ ಹೇಳುವುದು ಸರಿಯಲ್ಲ. ಕೆಲವರಿಗೆ ಸ್ವಲ್ಪ, ಕೆಲವರಿಗೆ ತುಂಬಾ.

ಅಕ್ಕನಿಗೆ ಕಣ್ಣು ಕತ್ತಲೆ ಬಂದದ್ದು ಅವರು ಹೆದರುಪುಕ್ಕಲಿ ಅಂತ ಅಲ್ಲ. ಗರ್ಭಕೋಶದ ಬಾಯಿಯನ್ನು ಎಳೆದಾಗ ಒಂದು ನರದ ಮೂಲಕ ನಾಡಿ ನಿಧಾನ ಆಗಿ ಬಿಪಿ ಇಳಿಯುತ್ತದೆ. ಗಟ್ಟಿಗಿತ್ತಿಯರಿಗೂ ಆಗುತ್ತದೆ. ಕಾಲು ಎತ್ತರಿಸಿ ಸ್ವಲ್ಪ ಹೊತ್ತು ಮಲಗಿಸಿದರೆ ಸಾಮಾನ್ಯವಾಗಿ ಸರಿ ಆಗುತ್ತದೆ. ಹಾಗಾಗಿ ಬರೀ ಹೊಟ್ಟೆಯಲ್ಲಿ ಬರಬೇಡಿ, ಪ್ರಜ್ಞೆ ತಪ್ಪಿಸಿ ಹಾಕುವುದಾದರೆ ಮಾತ್ರ ಉಪವಾಸ ಬೇಕು. ನಮ್ಮಲ್ಲಿ ಏಕಾದಶಿ ಉಪವಾಸ ಮಾಡಿಕೊಂಡೇ ಬಂದವರು ಇದ್ದಾರೆ, ದಿನ ಬದಲಿಸಿ ಅಂತ ಹೇಳಿ ಕಳಿಸಿದ್ದೇನೆ. ಗಂಜಿ ಉಂಡು, ನೀರು ಕುಡಿದು ಬನ್ನಿ. ಮುಗಿದ ಮೇಲೆ ದಡಕ್ಕನೆ ಏಳಬೇಡಿ. ಸ್ಕೂಟರ್ ನೀವೇ ಓಡಿಸಿಕೊಂಡು ಹೋಗುವ ಯೋಚನೆ ಬಿಡಿ.

ಬೈಂದೂರು ಮಳೆ:

ನನ್ನದು ಸ್ವಲ್ಪ ಕಹಿ ಅನುಭವ. ಹೆದರಿಸಲು ಬರೆಯುತ್ತಿಲ್ಲ.

ನನಗೂ ಸಿಸೇರಿಯನ್. ಒಂದು ಕ್ಲಿನಿಕ್ಕಿಗೆ ಹೋದೆ, ಹೆಸರು ಬೇಡ. ಮಾತ್ರೆ ಇಲ್ಲ, ಸ್ಪ್ರೇ ಇಲ್ಲ, ಈಗ ಇದು ಮಾಡುತ್ತೇನೆ ಅಂತ ಒಂದು ಮಾತೂ ಇಲ್ಲ. ಅಳತೆ ಕಡ್ಡಿ ಹಾಕುವಾಗ "ಅಮ್ಮಾ" ಅಂತ ಕೂಗಿಬಿಟ್ಟೆ. ಸ್ವಲ್ಪ ನಿಲ್ಲಿಸಿ ಅಂದರೆ "ಆಯಿತು ಆಯಿತು, ಅಲುಗಾಡಬೇಡಿ" ಅಂದರೇ ಹೊರತು ನಿಲ್ಲಿಸಲಿಲ್ಲ. ನೋವಿಗಿಂತ ಆ ನಿಲ್ಲಿಸದೇ ಇದ್ದದ್ದು ನನಗೆ ಇವತ್ತಿಗೂ ಹೋಗಿಲ್ಲ. ಒಳಗೆ ಹೋಗುವುದಿಲ್ಲ ಅಂತ ಕೊನೆಗೆ ಅವರೇ ಬಿಟ್ಟರು. ಅಷ್ಟೆಲ್ಲಾ ಅನುಭವಿಸಿ ಹಾಗೇ ವಾಪಸ್ ಬಂದೆ.

ಆಮೇಲೆ ಬೇರೆ ಡಾಕ್ಟರ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಅರ್ಧಕ್ಕೆ ತಡೆಯದೆ ಪೂರ್ತಿ ಕೇಳಿಸಿಕೊಂಡರು. ಗರ್ಭಕೋಶದ ಬಾಯಿಯ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕಾದು, ಆಮೇಲೆ ಹಾಕಿದರು. ನೋವೇ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಇಂಜೆಕ್ಷನ್ ಚುಚ್ಚಿತು, ಟಿ ಮೇಲೆ ಹೋಗುವಾಗ ಹೊಟ್ಟೆ ಹಿಂಡಿತು. ಆದರೆ ತಡೆಯುವ ಹಾಗಿತ್ತು. "ಕೈ ಎತ್ತಿದರೆ ನಾನು ನಿಲ್ಲಿಸುತ್ತೇನೆ" ಅಂತ ಅವರು ಮೊದಲೇ ಹೇಳಿದ್ದರು. ಕೈ ಎತ್ತುವ ಅಗತ್ಯವೇ ಬರಲಿಲ್ಲ.

ಅದೇ ನಾನು, ಅದೇ ಕಾಪರ್ ಟಿ. ಹೆರಿಗೆ ಆದವಳಿಗೆ ಇದೊಂದು ನೋವಾ ಅಂತ ಯಾರಾದರೂ ಕೇಳಿದರೆ, ನನ್ನ ಹೆರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆದದ್ದು, ಇದಕ್ಕೂ ಏನಾದರೂ ಕೊಡಿ ಅಂತ ನೇರ ಹೇಳಿ.

ಡಾಕ್ಟ್ರಮ್ಮ, ಮಂಗಳೂರು:

ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೊದಲನೆಯದು, ಕೇಳುವುದು ತಪ್ಪಲ್ಲ. ನೀವು ಕೇಳಲೇಬೇಕು.

ಯಾರಿಗೆ ಜಾಸ್ತಿ ನೋವಾಗುತ್ತದೆ ಅಂತ ಖಚಿತವಾಗಿ ಮೊದಲೇ ಹೇಳಲು ಆಗುವುದಿಲ್ಲ. ಆದರೆ ನಾರ್ಮಲ್ ಹೆರಿಗೆ ಆಗದವರಿಗೆ, ಮುಟ್ಟಿನಲ್ಲಿ ತುಂಬಾ ನೋವು ಇರುವವರಿಗೆ, ಹಿಂದೆ ಇಂಥ ಪರೀಕ್ಷೆಯಲ್ಲಿ ಕೆಟ್ಟ ಅನುಭವ ಆದವರಿಗೆ ಜಾಸ್ತಿ ಆಗುವ ಸಾಧ್ಯತೆ ಇದೆ. ಸಿಸೇರಿಯನ್ ಮಾತ್ರ ಆದವರ ಗರ್ಭಕೋಶದ ಬಾಯಿ ಎಷ್ಟೋ ಸಲ ಪೂರ್ತಿ ತೆರೆದೇ ಇರುವುದಿಲ್ಲ. ಹಾಗಾಗಿ ನಿಮ್ಮ ಹೆದರಿಕೆಗೆ ಕಾರಣ ಇದೆ, ಅದನ್ನು ಡಾಕ್ಟರ ಮುಂದೆ ಹೀಗೇ ಹೇಳಿ.

ಈಗ ಮದ್ದಿನ ವಿಷಯ. ಎಲ್ಲರೂ ಹೇಳುವುದು "ಒಂದು ಗಂಟೆ ಮೊದಲು ಒಂದು ಐಬುಪ್ರೊಫೆನ್ ತಗೊಂಡು ಬನ್ನಿ" ಅಂತ. ಹಾಕಿದ ಮೇಲಿನ ಹೊಟ್ಟೆ ಹಿಡಿತಕ್ಕೆ ಅದು ಒಳ್ಳೆಯದು. ಆದರೆ ಹಾಕುವ ಆ ಕ್ಷಣದ ನೋವನ್ನು ಅದು ಅಷ್ಟೇನೂ ತಗ್ಗಿಸುವುದಿಲ್ಲ ಅಂತ ಅಧ್ಯಯನಗಳಲ್ಲಿ ಕಂಡಿದೆ. ಮಾತ್ರೆ ತಗೊಂಡೂ ನೋವಾದರೆ ಅದು ನಿಮ್ಮ ತಪ್ಪಲ್ಲ ಅಂತ ತಿಳಿಯಲಿ ಅಂತ ಇದನ್ನು ಹೇಳುತ್ತಿದ್ದೇನೆ.

ಆ ಕ್ಷಣದ ನೋವಿಗೆ ಕೆಲಸ ಮಾಡುವುದು ಲಿಗ್ನೋಕೇನ್, ಅಂದರೆ ಹಲ್ಲಿನ ಡಾಕ್ಟ್ರು ಬಳಸುವ ಅದೇ ಜಾತಿಯ ಮದ್ದು. ಅದನ್ನು ಗರ್ಭಕೋಶದ ಬಾಯಿಯ ಸುತ್ತ ಇಂಜೆಕ್ಷನ್ ಆಗಿ ಕೊಡಬಹುದು, ಇದಕ್ಕೆ ಪ್ಯಾರಾಸರ್ವೈಕಲ್ ಬ್ಲಾಕ್ ಅನ್ನುತ್ತೇವೆ. ಬಾಯಿಯ ಮೇಲೆ 10 ಶೇಕಡಾ ಸ್ಪ್ರೇ ಹೊಡೆಯಬಹುದು. ಲಿಗ್ನೋಕೇನ್ ಮತ್ತು ಪ್ರಿಲೋಕೇನ್ ಸೇರಿದ ಕ್ರೀಮ್ ಹಚ್ಚಬಹುದು. ಯಾವುದೇ ಆದರೂ ಕೆಲವು ನಿಮಿಷ ಕಾಯಬೇಕು, ಹಚ್ಚಿದ ಕೂಡಲೇ ಶುರು ಮಾಡಿದರೆ ಪ್ರಯೋಜನ ಇಲ್ಲ. ಇಂಜೆಕ್ಷನ್ನಿನಿಂದ ನೋವು ಸೊನ್ನೆ ಆಗುವುದಿಲ್ಲ ಅಂತ ಮೇಲಿನವರು ಬರೆದದ್ದು ಸರಿ. ಗರ್ಭಕೋಶದ ಬಾಯಿಗೆ ಬರುವ ನರಗಳು ಬೇರೆ, ಮೇಲ್ಭಾಗಕ್ಕೆ ಬರುವ ನರಗಳು ಬೇರೆ. ಬಾಯಿ ಮರಗಟ್ಟಿದರೂ ಟಿ ಮೇಲೆ ತಾಗುವಾಗ ಹಿಂಡಿದ ಹಾಗೆ ಆಗುತ್ತದೆ. ಇನ್ನು, ಹಿಂದೆ ಮರಗಟ್ಟಿಸುವ ಇಂಜೆಕ್ಷನ್ನಿನಿಂದ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಇಂಜೆಕ್ಷನ್ ಕೊಟ್ಟ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ, ತುಟಿ ಜುಮ್ ಅಂದರೆ, ಬಾಯಲ್ಲಿ ಲೋಹದ ರುಚಿ ಬಂದರೆ ಕೂಡಲೇ ಹೇಳಿ.

ಮಿಸೋಪ್ರೊಸ್ಟಾಲ್ ಮಾತ್ರೆ ಇಟ್ಟು ಬಾಯಿ ಸಡಿಲ ಮಾಡಿಸುವುದು ಕೆಲವು ಕಡೆ ರೂಢಿ. ಎಲ್ಲರಿಗೂ ಅದು ಬೇಕಾಗಿಲ್ಲ, ಅದರಿಂದಲೇ ಹೊಟ್ಟೆ ಹಿಡಿಯುವುದು, ಚಳಿ, ಭೇದಿ ಆಗಬಹುದು. ಒಮ್ಮೆ ಪ್ರಯತ್ನ ಮಾಡಿ ಒಳಗೆ ಹೋಗದೇ ಇದ್ದವರಿಗೆ ಡಾಕ್ಟ್ರು ಯೋಚಿಸಬಹುದು.

ತುಂಬಾ ಹೆದರಿಕೆ ಇರುವವರಿಗೆ, ಒಮ್ಮೆ ವಿಫಲ ಆದವರಿಗೆ, ದೊಡ್ಡ ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿಸಿ ಹಾಕುವ ದಾರಿಯೂ ಉಂಟು. ಅದಕ್ಕೆ ಅನಸ್ತೇಶಿಯಾ ಡಾಕ್ಟ್ರು ಬೇಕು, ಉಪವಾಸ ಇರಬೇಕು, ಖರ್ಚು ಜಾಸ್ತಿ, ಜೊತೆಗೆ ಒಬ್ಬರು ಬೇಕೇ ಬೇಕು. ಎಲ್ಲರಿಗೂ ಬೇಕಾಗುವುದಲ್ಲ.

ಯಾಕೆ ಎಲ್ಲ ಕಡೆ ಕೊಡುವುದಿಲ್ಲ ಅಂತ ಕೇಳಿದ್ದೀರಿ. ಗರ್ಭಕೋಶದ ಬಾಯಿಗೆ ಅಷ್ಟು ಸ್ಪರ್ಶ ಇಲ್ಲ ಅನ್ನುವ ಹಳೇ ನಂಬಿಕೆ ಒಂದು, ಓಪಿಡಿಯಲ್ಲಿ ಸಮಯ ಇಲ್ಲದ್ದು ಇನ್ನೊಂದು. ಹಾಕುವವರು ಅಂದಾಜು ಮಾಡುವ ನೋವಿಗಿಂತ ಹಾಕಿಸಿಕೊಳ್ಳುವವರ ನೋವು ಜಾಸ್ತಿ ಇರುತ್ತದೆ ಅಂತಲೂ ಅಧ್ಯಯನಗಳು ಹೇಳುತ್ತವೆ. ಇದು ನಮ್ಮ ಊರಿನ ಸಮಸ್ಯೆ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ 2021ರಲ್ಲಿ ಬಿಬಿಸಿಯ ನಿರೂಪಕಿ ನಾಗಾ ಮಂಚೆಟ್ಟಿ ತನಗಾದ ನೋವನ್ನು ರೇಡಿಯೋದಲ್ಲೇ ಹೇಳಿಕೊಂಡರು, ಆಮೇಲೆ ಅಲ್ಲಿ ದೊಡ್ಡ ಚರ್ಚೆ ಆಯಿತು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2024ರ ತನ್ನ ಸಲಹೆಯಲ್ಲಿ ನೋವಿನ ಬಗ್ಗೆ ಮೊದಲೇ ಮಾತಾಡಬೇಕು, ಲಿಗ್ನೋಕೇನ್ ಇಂಜೆಕ್ಷನ್ ಅಥವಾ ಹಚ್ಚುವ ಮದ್ದು ಪ್ರಯೋಜನ ಆಗಬಹುದು ಅಂತ ಬರೆದಿದೆ. 2025ರಲ್ಲಿ ಅಲ್ಲಿನ ಸ್ತ್ರೀರೋಗ ತಜ್ಞರ ಸಂಘವೂ ಅದನ್ನೇ ಹೇಳಿತು. ಲಿಗ್ನೋಕೇನ್ ದುಬಾರಿ ಮದ್ದೂ ಅಲ್ಲ, ಅಪರೂಪದ್ದೂ ಅಲ್ಲ. ಅದಕ್ಕೇ ಇದು ನನಗೆ ಸಿಟ್ಟು ಬರಿಸುವ ವಿಷಯ.

ಕಾಪು ಕಡೆಯವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೈಂದೂರಿನವರೇ, ನಿಮ್ಮದನ್ನು ಓದಿ ಬೇಜಾರಾಯಿತು, ಆದರೂ ಬರೆದದ್ದಕ್ಕೆ ಋಣಿ.

ಡಾಕ್ಟ್ರೇ, ಹಾಲು ಕುಡಿಸುವುದರ ಬಗ್ಗೆ ಹೇಳಲೇ ಇಲ್ಲ. ಮನೆಯಲ್ಲಿ ಮುಟ್ಟಿನ ನೋವಿಗೆ ತರುವ ಮೆಫ್ತಾಲ್ ಸ್ಪಾಸ್ ಇದೆ, ಅದನ್ನೇ ತಗೊಳ್ಳಬಹುದಾ? ಮತ್ತೆ ಇದನ್ನೆಲ್ಲ ಯಾವಾಗ ಕೇಳುವುದು, ಆ ದಿನವೇ ಸಾಕಾ?

ಡಾಕ್ಟ್ರಮ್ಮ, ಮಂಗಳೂರು:

ಹೌದು, ಅದು ಬಿಟ್ಟುಹೋಯಿತು. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಹಾಲು ಕುಡಿಸುವವರಿಗೆ ಆಗುತ್ತವೆ. ಹೊಟ್ಟೆ ಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇದ್ದವರು ಮಾತ್ರ ಐಬುಪ್ರೊಫೆನ್ ಕೇಳದೆ ತಗೊಳ್ಳಬಾರದು. ಲಿಗ್ನೋಕೇನ್ ಇಂಜೆಕ್ಷನ್ ಆದ ಮೇಲೂ ಹಾಲು ಕುಡಿಸಬಹುದು. ಮೆಫ್ತಾಲ್ ಸ್ಪಾಸ್ ಬೇಡ, ಅದರಲ್ಲಿ ಡೈಸೈಕ್ಲೋಮಿನ್ ಸೇರಿದೆ, ಹಾಲು ಕುಡಿಸುವಾಗ ಅದು ಸರಿಯಲ್ಲ. ಟ್ರಮಡಾಲ್ ಕೂಡ ಬೇಡ.

ಹಾಲು ಕುಡಿಸುವವರಿಗೆ ಇನ್ನೊಂದು ಮಾತು. ಟಿ ಗರ್ಭಕೋಶದ ಗೋಡೆ ದಾಟಿ ಹೋಗುವುದು ಅಪರೂಪ, ಒಟ್ಟಾರೆ 1000 ಜನರಲ್ಲಿ 1ರಿಂದ 2. ಹಾಲು ಕುಡಿಸುವ ಕಾಲದಲ್ಲಿ ಅದು ಜಾಸ್ತಿ, ಆಗಲೂ ಅಪರೂಪವೇ. ಇದಕ್ಕಾಗಿ ಬಿಡಬೇಕಾಗಿಲ್ಲ. ಕೈ ಪಳಗಿದವರ ಹತ್ತಿರ ಹಾಕಿಸಿ, ಹಾಲು ಕುಡಿಸುತ್ತಿದ್ದೇನೆ, ಸಿಸೇರಿಯನ್ ಆಗಿದೆ ಅಂತ ಎರಡನ್ನೂ ಹೇಳಿ.

ಕೇಳುವುದು ಆ ದಿನ ಅಲ್ಲ, ದಿನ ಗೊತ್ತು ಮಾಡುವಾಗಲೇ. ಫೋನಲ್ಲಿ ಕೇಳಿದರೂ ಆಗುತ್ತದೆ. "ಕಾಪರ್ ಟಿ ಹಾಕುವಾಗ ಲಿಗ್ನೋಕೇನ್ ಬ್ಲಾಕ್ ಅಥವಾ ಸ್ಪ್ರೇ ಕೊಡುತ್ತೀರಾ" ಅಂತ ಮದ್ದಿನ ಹೆಸರು ಹೇಳಿ ಕೇಳಿ. "ನೋವಾಗುತ್ತದಾ" ಅಂತ ಕೇಳಿದರೆ "ಇಲ್ಲ ಇಲ್ಲ" ಅನ್ನುವುದು ಸುಲಭ. ಹೆಸರು ಹೇಳಿದರೆ ಹೌದು ಅಥವಾ ಇಲ್ಲ ಅಂತ ಉತ್ತರ ಬರುತ್ತದೆ. ಇಲ್ಲ ಅಂದರೆ ಬೇರೆ ಕಡೆ ವಿಚಾರಿಸಲು ನಿಮಗೆ ಸಮಯ ಇರುತ್ತದೆ. ಉಡುಪಿ, ಮಣಿಪಾಲ, ಮಂಗಳೂರು ಅಂತ ನಮ್ಮ ಕಡೆ ಆಸ್ಪತ್ರೆಗಳಿಗೆ ಬರ ಇಲ್ಲ.

ಏಳನೇ ತಿಂಗಳು:

ನಡುವೆ ಬಂದದ್ದಕ್ಕೆ ಬೇಸರ ಮಾಡಬೇಡಿ. ನಾನು ಈಗ ಬಸುರಿ, ಮಂಗಳೂರಲ್ಲಿ ಹೆರಿಗೆ. ಹೆರಿಗೆ ಆದ ಕೂಡಲೇ ಹಾಕಿಸಿಕೊಳ್ಳಬಹುದು ಅಂತ ಆಶಾ ಕಾರ್ಯಕರ್ತೆ ಅಕ್ಕ ಹೇಳಿದರು. ಆಗ ನೋವು ಕಡಿಮೆಯಾ?

ಸಿಸ್ಟರ್ ಅಕ್ಕ:

ಹೌದು ಮಗಾ, ಹೇಳಿದ್ದು ಸರಿ. ಮಾಸು ಬಿದ್ದ 10 ನಿಮಿಷದೊಳಗೆ, ಇಲ್ಲದಿದ್ದರೆ 48 ಗಂಟೆಯೊಳಗೆ ಹಾಕುತ್ತಾರೆ. ಆಗ ಗರ್ಭಕೋಶದ ಬಾಯಿ ತೆರೆದೇ ಇರುತ್ತದೆ. ಸಿಸೇರಿಯನ್ ಆದರೆ ಆಪರೇಶನ್ ನಡೆಯುವಾಗಲೇ ಹಾಕಿಬಿಡುತ್ತಾರೆ, ಬೆನ್ನಿಗೆ ಇಂಜೆಕ್ಷನ್ ಇರುವುದರಿಂದ ಗೊತ್ತೇ ಆಗುವುದಿಲ್ಲ. ಆದರೆ ಹೆರಿಗೆ ಆದ ಕೂಡಲೇ ಹಾಕಿದ್ದು ಜಾರಿ ಹೊರಗೆ ಬರುವ ಸಾಧ್ಯತೆ ಆಮೇಲೆ ಹಾಕಿದ್ದಕ್ಕಿಂತ ಜಾಸ್ತಿ, ಹಾಗಾಗಿ ಪರೀಕ್ಷೆಗೆ ತಪ್ಪದೆ ಹೋಗಬೇಕು. ಬೇಕೋ ಬೇಡವೋ ಅಂತ ಹೆರಿಗೆ ನೋವು ಶುರುವಾಗುವ ಮೊದಲೇ ಯೋಚಿಸಿ ಹೇಳಿ. ನೋವಲ್ಲಿ ಒದ್ದಾಡುವಾಗ ಯಾರಾದರೂ ಕೇಳಿ ಹೂಂ ಅನ್ನಿಸಿಕೊಳ್ಳುವುದು ಸರಿಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ, ಮಂಗಳೂರಿನ ಲೇಡಿ ಗೋಷನ್ ಆದರೂ ಅಷ್ಟೇ, ಊರಿನ ಆರೋಗ್ಯ ಕೇಂದ್ರ ಆದರೂ ಅಷ್ಟೇ.

ಪಡುಬಿದ್ರಿ ಗಾಳಿ:

ಹೆಂಡತಿ ಹಾಕಿಸಿಕೊಳ್ಳುವವಳಿದ್ದಾಳೆ. ನಾನು ಒಳಗೆ ಜೊತೆಗೆ ಇರಬಹುದಾ? ಹೊರಗೆ ಕೂತು ಎಂತ ಪ್ರಯೋಜನ ಅಂತ.

ಬೈಂದೂರು ಮಳೆ:

ಮೊದಲು ಅವರಿಗೆ ಯಾರು ಬೇಕು ಅಂತ ಅವರನ್ನೇ ಕೇಳಿ ಅಣ್ಣಾ. ಕೆಲವರಿಗೆ ಗಂಡ ಬೇಕು, ಕೆಲವರಿಗೆ ಅಮ್ಮ, ಕೆಲವರಿಗೆ ಯಾರೂ ಬೇಡ. ತುಂಬಾ ಕಡೆ ಗಂಡಸರನ್ನು ಒಳಗೆ ಬಿಡುವುದಿಲ್ಲ, ಬೇರೆ ಹೆಂಗಸರು ಇರುತ್ತಾರೆ. ಪರೀಕ್ಷೆ ಮಾಡುವುದು ಗಂಡು ಡಾಕ್ಟ್ರಾದರೆ ಇನ್ನೊಬ್ಬ ಹೆಂಗಸು ಅಲ್ಲಿ ಇರಬೇಕು ಅನ್ನುವುದು ರೋಗಿಯ ಹಕ್ಕು, ಕೇಳಬಹುದು. ನಿಮ್ಮ ಕೆಲಸ ಹೊರಗೇ ಬೇಕಾದಷ್ಟು ಉಂಟು. ಆ ದಿನ ರಜೆ ಹಾಕಿ, ಮಗುವನ್ನು ನೋಡಿಕೊಳ್ಳಿ, ಕಾರಲ್ಲೋ ರಿಕ್ಷಾದಲ್ಲೋ ಮೆಲ್ಲ ಕರೆದುಕೊಂಡು ಬನ್ನಿ, ಅಡಿಗೆ ಮಾಡಿ, ಹೊಟ್ಟೆಗೆ ಬಿಸಿನೀರಿನ ಚೀಲ ಕೊಡಿ. "ಅವರಿಗೆ ಏನೂ ಆಗಲಿಲ್ಲವಂತೆ, ನಿನಗೆ ಯಾಕೆ" ಅಂತ ಮನೆಯಲ್ಲಿ ಯಾರಾದರೂ ಅಂದರೆ ನೀವೇ ಮುಂದೆ ನಿಂತು ಉತ್ತರ ಕೊಡಿ.

ಕಾಪು ಕಡೆಯವಳು:

ಇವತ್ತು ಫೋನ್ ಮಾಡಿದೆ. ಮೊದಲು ತೋರಿಸಿದ ಕಡೆ "ಅದೆಲ್ಲ ಬೇಕಾಗುವುದಿಲ್ಲ" ಅಂದರು. ಇನ್ನೊಂದು ಕಡೆ ಕೇಳಿದರೆ ಸಿಸ್ಟರ್ ಡಾಕ್ಟರನ್ನು ವಿಚಾರಿಸಿ ವಾಪಸ್ ಫೋನ್ ಮಾಡಿ, ಸ್ಪ್ರೇ ಇದೆ, ಬೇಕಾದರೆ ಇಂಜೆಕ್ಷನ್ ಕೂಡ ಕೊಡುತ್ತೇವೆ, ಬಂದು ಒಮ್ಮೆ ಮಾತಾಡಿ ಅಂದರು. ಮುಂದಿನ ವಾರ ಹೋಗುತ್ತೇನೆ. ಅಕ್ಕನೂ ಜೊತೆಗೆ ಬರುತ್ತಾಳೆ. ಹಾಕಿದ ಮೇಲೆ ಎಷ್ಟು ದಿನದ ನೋವು ಸಹಜ, ಯಾವಾಗ ಓಡಬೇಕು ಅಂತ ಒಂದು ಹೇಳಿಬಿಡಿ.

ಸಿಸ್ಟರ್ ಅಕ್ಕ:

ಕೆಲವು ದಿನ ಆಗಾಗ ಹೊಟ್ಟೆ ಹಿಡಿಯುವುದು, ಅಲ್ಲಲ್ಲಿ ರಕ್ತದ ಕಲೆ ಕಾಣುವುದು ಸಹಜ. ಕಾಪರ್ ಟಿಯಲ್ಲಿ ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ರಕ್ತ ಜಾಸ್ತಿ ಹೋಗಬಹುದು, ನೋವೂ ಇರಬಹುದು. ರಕ್ತ ಕಡಿಮೆ ಇರುವವರು ಮೊದಲೇ ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ.

ಓಡಬೇಕಾದದ್ದು ಯಾವಾಗ ಅಂದರೆ, ಮಾತ್ರೆ ತಗೊಂಡರೂ ನೋವು ದಿನ ದಿನ ಏರುತ್ತಿದ್ದರೆ, ಜ್ವರ ಚಳಿ ಬಂದರೆ, ವಾಸನೆಯ ಬಿಳಿಸೆರಗು ಹೋದರೆ, ಪ್ಯಾಡ್ ಮೇಲೆ ಪ್ಯಾಡ್ ಬದಲಿಸುವಷ್ಟು ರಕ್ತ ಹೋದರೆ, ಟಿಯ ಗಟ್ಟಿ ಭಾಗ ಕೈಗೆ ಸಿಕ್ಕಿದರೆ. ಸೋಂಕು ಬರುವುದಿದ್ದರೆ ಸಾಮಾನ್ಯವಾಗಿ ಮೊದಲ ಮೂರು ವಾರದಲ್ಲಿ, ಆ ದಿನಗಳಲ್ಲಿ ಜ್ವರವನ್ನು ಮಳೆಗೆ ನೆನೆದದ್ದು ಅಂತ ಬಿಡಬೇಡಿ. ದಾರ ಸಿಗುವುದಿಲ್ಲ ಅಂತಾದರೆ ಗಾಬರಿ ಬೇಡ, ಮೇಲೆ ಸರಿದಿರಬಹುದು, ಸ್ಕ್ಯಾನ್ ಮಾಡಿ ನೋಡುತ್ತಾರೆ, ಆದರೆ ಅಲ್ಲಿವರೆಗೆ ಗರ್ಭ ಆಗದ ಹಾಗೆ ಬೇರೆ ಏನಾದರೂ ಬಳಸಿ.

ಒಂದು ಮುಟ್ಟು ಆದ ಮೇಲೆ ಪರೀಕ್ಷೆಗೆ ಹೋಗಿ. ಯಾವ ಟಿ, ಯಾವ ದಿನ ಹಾಕಿದ್ದು, ಯಾವಾಗ ತೆಗೆಯಬೇಕು ಅಂತ ಬರೆದ ಕಾರ್ಡ್ ಕೇಳಿ ತಗೊಳ್ಳಿ. 380ಎ ಆದರೆ 10 ವರ್ಷ, 375 ಆದರೆ 5 ವರ್ಷ. ನಡುವೆ ಯಾವಾಗ ಬೇಕಾದರೂ ತೆಗೆಸಬಹುದು. ತೆಗೆಯುವಾಗ ದಾರ ಹಿಡಿದು ಎಳೆಯುವುದಷ್ಟೇ, ಹಾಕುವಾಗಿನಷ್ಟು ನೋವು ಸಾಮಾನ್ಯವಾಗಿ ಇರುವುದಿಲ್ಲ. ಅಕ್ಕ ಬರುವುದು ಒಳ್ಳೆಯದಾಯಿತು, ಅವರಿಗೆ ಆದದ್ದನ್ನೂ ಡಾಕ್ಟರಿಗೆ ಹೇಳಿ. ಹಾಕಿಸಿಕೊಂಡ ಮೇಲೆ ಅಲ್ಲೇ ಸ್ವಲ್ಪ ಹೊತ್ತು ಮಲಗಿಯೇ ಹೊರಡಿ.